ಮದ್ದಿನ ನೀರು ಹಾಕಿದ ಬೇಸಗೆ

ಮೊಣಕೈ ಮೇಲೆ ಬೆಳ್ಳನೆಯ ಹುರುಪೆ ಎದ್ದು, ಕೆರೆದರೆ ಹಳೆ ಗೋಡೆಯ ಸುಣ್ಣದ ಹಾಗೆ ಉದುರತೊಡಗಿತು. ಇರಲಿ ಬಿಡು ಎಂದರೂ ಕೇಳದೆ ಅಣ್ಣನ ಮಗಳು ಶಾರದೆ ನನ್ನನ್ನು ಸಾಗರದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರೆಂದರೆ ಮೊಮ್ಮಗಳ ವಯಸ್ಸಿನ ಹುಡುಗಿ. ನನ್ನ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಸೋರಿಯಾಸಿಸ್ ಅಜ್ಜಾ. ಹೆದರ್ಕೋಬೇಡಿ, ಇದು ಅಂಟೋದಲ್ಲ" ಎಂದಳು.

"ಯಾಕೆ ಬಂತು ತಾಯಿ ಇದು?" ಎಂದೆ.

"ನಮ್ಮ ಮೈಯೊಳಗೆ ಕಾವಲಿನವರು ಅಂತ ಇರ್ತಾರಲ್ಲ, ಅವರೇ ನಮ್ಮ ಚರ್ಮದ ಮೇಲೆ ತಿರುಗಿ ಬೀಳ್ತಾರೆ. ರಕ್ತದಲ್ಲಿ ಆಟೋಆಂಟಿಬಾಡಿ ಅಂತ ಹುಟ್ಟಿಕೊಳ್ತವೆ, ನಮ್ಮದನ್ನೇ ಪರರದು ಅಂತ ತಿಳಿಯೋವು. ನಿಮ್ಮ ಕಾಯಿಲೇಲಿ ಅವುಗಳ ಪಾಲು ಎಷ್ಟು ಅನ್ನೋದನ್ನ ಇನ್ನೂ ಹುಡುಕ್ತಾ ಇದ್ದಾರೆ. ಆದರೆ ಮೈಯೆಲ್ಲ ಗುಳ್ಳೆ ಏಳೋ ಕಾಯಿಲೆ ಒಂದಿದೆ, ಅದರಲ್ಲಿ ಮಾತ್ರ ಇವುಗಳದ್ದೇ ಕೆಲಸ."

"ಪೆಂಫಿಗಸ್" ಎಂದೆ.

ಆ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. "ಎಲ್ಲಿ ಓದಿದ್ರಿ ಅಜ್ಜಾ?"

"ಓದಲಿಲ್ಲ. ಒಂದು ಕಾಲದಲ್ಲಿ ಅದನ್ನು ನನ್ನ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದೆ."

ಮನೆಗೆ ಬರುವ ದಾರಿಯಲ್ಲಿ ಶಾರದೆ, "ಚಿಕ್ಕಪ್ಪಾ, ನನ್ನವ್ವನ ಮುಖ ಹೆಂಗಿತ್ತು ಅಂತ ಯಾರೂ ಸರಿಯಾಗಿ ಹೇಳಲೇ ಇಲ್ಲ ನೋಡು" ಎಂದಳು. ಅವಳು ಮೊಮ್ಮಕ್ಕಳನ್ನು ಕಂಡವಳು. ಇನ್ನು ಹೇಳದೆ ಇಟ್ಟುಕೊಂಡು ನಾನು ಮಾಡುವುದಾದರೂ ಏನು?

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಮರುವರ್ಷದ ಮಾತು ಇದು, ಅರವತ್ತೈದರ ಆಸುಪಾಸು. ನಮ್ಮ ಹಳೆಯ ಊರು ನೀರಿನಡಿಗೆ ಹೋಗಿತ್ತು. ನಾವು ಗೇಣಿ ಮಾಡುತ್ತಿದ್ದವರು. ನಮ್ಮಂಥ ಕೆಲವು ಮನೆಗಳಿಗೆ ಸಾಗರ ಮತ್ತು ಹೊಸನಗರದ ನಡುವೆ ಒಂದು ಬೋಳು ಗುಡ್ಡದ ಮೇಲೆ ಜಾಗ ತೋರಿಸಿದ್ದರು. ಮರ ಎಂಬುದಿಲ್ಲ, ನೆರಳು ಎಂಬುದಿಲ್ಲ. ಗಾಳಿ ಬೀಸಿದರೆ ಹುಲ್ಲಿನ ಮಾಡು ಹಾರಿಹೋಗದ ಹಾಗೆ ಅದರ ಮೇಲೆ ಕಲ್ಲು ಹೇರಿ ಮಲಗುತ್ತಿದ್ದೆವು. ಮನೆಯಲ್ಲಿ ಅವ್ವ, ಅಣ್ಣ ಕನ್ನಪ್ಪ, ಅವನ ಹೆಂಡತಿ ಗೌರತ್ತಿಗೆ, ಆಗತಾನೆ ನಡೆಯಲು ಕಲಿತ ಶಾರದೆ. ನಾನು ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗಿ ಸಂಜೆ ಅದೇ ದಾರಿಯಲ್ಲಿ ಹಿಂತಿರುಗುವ ಬಸ್ಸಿಗೆ ಕಂಡಕ್ಟರಾಗಿದ್ದೆ. ಬಸ್ಸು ತಂಗುವುದು ತೀರ್ಥಹಳ್ಳಿಯಲ್ಲಿ. ಹಾಗಾಗಿ ಮನೆಯವರನ್ನು ನಾನು ನೋಡುತ್ತಿದ್ದುದು ಹೆಚ್ಚಾಗಿ ಗುಡ್ಡದ ಕೆಳಗಿನ ತಿರುವಿನಲ್ಲಿ, ಬಸ್ಸು ನಿಂತಷ್ಟು ಹೊತ್ತು.

ಅತ್ತಿಗೆ ಆಗುಂಬೆ ಮಗ್ಗುಲಿನ ಮೇಗರವಳ್ಳಿಯವಳು. ಅಲ್ಲಿಯ ಮಳೆ ಕಂಡವಳಿಗೆ ನಮ್ಮ ಬೋಳುಗುಡ್ಡವೇ ಒಂದು ತಮಾಷೆ. "ನಮ್ಮೂರಲ್ಲಿ ಹಪ್ಪಳ ಒಣಗ್ಸಕ್ಕೆ ಬಿಸಿಲಿರಲ್ಲ, ನಿಮ್ಮೂರಲ್ಲಿ ಬಿಸಿಲಿಗಿಡಾಕೆ ಹಪ್ಪಳ ಇಲ್ಲ. ಇಬ್ರೂ ಸೇರಿ ಸಂಸಾರ ಮಾಡೋದು ಹೆಂಗೆ ಮಂಜಪ್ಪ?" ಎನ್ನುವಳು. ಶಾರದೆ ಕೇಳಿದಳಲ್ಲ ಮುಖ ಹೇಗಿತ್ತೆಂದು. ಉದ್ದ ಮುಖ. ಗಲ್ಲದ ಮೇಲೆ ಒಂದು ಸಣ್ಣ ಮಚ್ಚೆ. ನಗು ಬಂದರೆ ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಆದರೂ ಭುಜ ಕುಣಿಯುತ್ತಿತ್ತು. ಅವ್ವ ಬೈದರೂ ಅವಳಿಗೆ ನಗು ಬರುತ್ತಿತ್ತು, ಅದಕ್ಕೇ ಅವ್ವನಿಗೆ ಬೈಗುಳ ಪೂರ್ತಿ ಮಾಡಲು ಆಗುತ್ತಿರಲಿಲ್ಲ.

ದೀಪಾವಳಿ ಮುಗಿದು ಇಬ್ಬನಿ ಬೀಳತೊಡಗಿದಾಗ ಅವಳಿಗೆ ಬಾಯಿಹುಣ್ಣಾಯಿತು. ಮೊದಲು ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಸಾರಿಗೆ ಖಾರ ಬೇಡವೆಂದಳು, ಆಮೇಲೆ ಸಾರೇ ಬೇಡವೆಂದಳು.

"ಮೀನ್ ಸಾರು ಬ್ಯಾಡ ಅಂತೀಯಲ್ಲ, ಯಾವಾಗಿಂದ ಭಟ್ರ ಮನೆಯೋಳಾದೆ?" ಎಂದು ಅವ್ವ ಕೆಣಕಿದಳು. ಅತ್ತಿಗೆ ನಗಲು ಹೋಗಿ, ತುಟಿ ಬಿರಿದು, ಕಣ್ಣಲ್ಲಿ ನೀರು ತಂದುಕೊಂಡಳು. ಅವ್ವ ಅದನ್ನು ಬೇರೆಯೇ ಅರ್ಥ ಮಾಡಿಕೊಂಡಳು. ಹೊಸ ಜಾಗ ಹಿಡಿಸಲಿಲ್ಲ, ತವರಿಗೆ ಹೋಗುವ ಆಸೆ, ಅದಕ್ಕೇ ಊಟ ಬಿಟ್ಟಿದ್ದಾಳೆ ಎಂದು ತಿರುವಿನಲ್ಲಿ ನಿಂತು ನನ್ನ ಹತ್ತಿರ ದೂರು ಹೇಳಿದಳು.

ಆಮೇಲೆ ಎದೆಯ ಮೇಲೆ ಗುಳ್ಳೆ ಎದ್ದವು, ಸರಿಯಾಗಿ ಮಗು ತಲೆಯಿಡುವ ಜಾಗದಲ್ಲಿ. ನೀರು ತುಂಬಿದ ಸಡಿಲ ಗುಳ್ಳೆಗಳು. ಒಡೆದರೆ ಮಾಯುತ್ತಿರಲಿಲ್ಲ, ಸುತ್ತ ಹರಡುತ್ತಿದ್ದವು. ಬೆನ್ನಿಗೆ ಬಂತು, ತೊಡೆಗೆ ಬಂತು. ಸೀರೆಯ ಗಂಟು ಉಜ್ಜಿದಲ್ಲಿ ಬೆಂದ ಬದನೆಕಾಯಿಯ ಸಿಪ್ಪೆಯಂತೆ ಚರ್ಮ ಜಾರಿ ಬರುತ್ತಿತ್ತು. ಶಾರದೆ "ಅವ್ವಾ" ಎಂದು ತೋಳು ಚಾಚಿ ಬಂದರೆ ಅತ್ತಿಗೆ ಹಿಂದೆ ಸರಿದು ಗೋಡೆ ಹಿಡಿಯುವಳು. ಮಗು ಅದನ್ನು ಆಟವೆಂದು ತಿಳಿದು ನಗುತ್ತ ಮತ್ತೆ ಓಡಿ ಬರುತ್ತಿತ್ತು. ಅದೊಂದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮೊದಲು ಜನ ಅಮ್ಮ ಎಂದರು. ಆ ಕಾಲದಲ್ಲಿ ಸಿಡುಬಿನ ಹೆಸರು ಹೇಳಿದರೆ ಬಾಗಿಲು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಬೇವಿನ ಸೊಪ್ಪು ಕಟ್ಟಿ ಕಾದೆವು. ಅಮ್ಮ ಆಗಿದ್ದರೆ ಬಂದು ಹೋಗಬೇಕಿತ್ತು, ಇದು ಹೋಗಲಿಲ್ಲ. ಆಗ ಅವ್ವ, ಅಲ್ಲಿಯವರೆಗೆ ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಹೇಳಿದಳು.

"ನಾಗಪ್ಪನ್ನ ನೀರಲ್ಲಿ ಬಿಟ್ಟು ಬಂದ್ವಲ್ಲ ಮಗಾ. ಮನೇಲಿ ಯಾರ ಮೈ ಮೇಲಾದ್ರೂ ಹರೀಲೇಬೇಕಿತ್ತು."

ಹಳೆಯ ಊರಿನ ಬನದಲ್ಲಿ ನಮ್ಮ ಮನೆತನದ ನಾಗರಕಲ್ಲುಗಳಿದ್ದವು. ಅವನ್ನು ಎಬ್ಬಿಸಬೇಕಾದರೆ ಶಾಸ್ತ್ರವಾಗಬೇಕು, ಶಾಸ್ತ್ರಕ್ಕೆ ದಿನ ನೋಡಬೇಕು. ದಿನ ಬರುವ ಮೊದಲೇ ನೀರು ಬಂತು. ನಾವು ಪಾತ್ರೆ, ದನ, ಬಾಗಿಲು, ಒನಕೆ ಎಲ್ಲ ಗಾಡಿಗೇರಿಸಿದೆವು. ಕಲ್ಲುಗಳು ಅಲ್ಲೇ ಉಳಿದವು. ಗಾಡಿ ಏರಿದ ಮೇಲೂ ಅವ್ವ ಹಿಂದಕ್ಕೆ ತಿರುಗಿಯೇ ಕೂತಿದ್ದಳು. ಆ ದಿಗಿಲು ಅಂದಿನಿಂದ ಅವಳ ಹೊಟ್ಟೆಯೊಳಗೇ ಇತ್ತು. ಈಗ ಅದಕ್ಕೆ ಕೂರಲು ಒಂದು ಮೈ ಸಿಕ್ಕಿತು. ಸರ್ಪಸುತ್ತಿಗೆ ಹಚ್ಚುವ ಹಾಗೆ ಕೆಮ್ಮಣ್ಣು ಕಲಸಿ ಅತ್ತಿಗೆಯ ಮೈಗೆ ಹಚ್ಚಿದರು. ಮಣ್ಣು ಒಣಗಿ ಬಿರಿದಾಗ ಅದರ ಜೊತೆಗೆ ಚರ್ಮವೂ ಬಂತು. ಅವತ್ತು ಅಣ್ಣ ತಿರುವಿಗೆ ಓಡಿ ಬಂದು ಬಸ್ಸಿಗೆ ಅಡ್ಡ ನಿಂತ. "ಮಂಜಾ, ಇವಳನ್ನ ಸಾಗರಕ್ಕೆ ಕರ್ಕೊಂಡ್ ಹೋಗ್ಬೇಕು. ಇವತ್ತೇ."

ಹಳೆಯ ಹತ್ತಿಸೀರೆ ಹೊದಿಸಿ, ಅವಳನ್ನು ಕಂಬಳಿಯ ಮೇಲೆ ಎತ್ತಿ ತಂದು ಮುಂದಿನ ಸೀಟಿನಲ್ಲಿ ಮಲಗಿಸಿದೆವು. ಅವ್ವ ಮಗುವನ್ನು ಎತ್ತಿಕೊಂಡು ಜೊತೆಗೆ ಹತ್ತಿದಳು. ಬಸ್ಸು ಗುಸುಗುಸು ಎನ್ನತೊಡಗಿತು. ಕೊಡೆ ಹಿಡಿದ ಒಬ್ಬ ಹಿರಿಯರು ಎದ್ದು ನಿಂತರು. "ಕಂಡಕ್ಟ್ರೇ, ಅಮ್ಮ ಎದ್ದೋರ್ನ ಹತ್ತಿಸ್ತೀರಲ್ಲ, ನಮ್ಮನೇಲೂ ಮಕ್ಳು ಮರಿ ಇದಾವೆ."

ಡ್ರೈವರ್ ಖಾದರ್ ಸಾಬರು ಹಿಂದಿರುಗಿ ನೋಡದೆಯೇ ಹೇಳಿದರು: "ಅಮ್ಮ ಆಗಿದ್ರೆ ಮೊದ್ಲು ನನ್ನೇ ಹಿಡೀತಾಳೆ ಹೆಗಡೇರೇ, ನಾನೇ ಹತ್ರ ಇರೋನು. ಹೆದ್ರಿಕೆ ಇದ್ದೋರು ಇಳೀರಿ, ಮಂಜಪ್ಪ ಕಾಸು ವಾಪಸ್ ಕೊಡ್ತಾನೆ. ಮುಂದಿನ ಬಸ್ಸು ನಾಳೆ ಬತ್ತದೆ."

ಕೆಲವರು ಇಳಿದರು. ಹೆಗಡೆಯವರು ಇಳಿಯಲಿಲ್ಲ, ಹಿಂದಿನ ಸೀಟಿಗೆ ಹೋಗಿ, ಬಸ್ಸಿನೊಳಗೇ ಕೊಡೆ ಬಿಡಿಸಿ ಅಡ್ಡ ಹಿಡಿದುಕೊಂಡು ಕೂತರು. ಅಷ್ಟು ನೋವಿನಲ್ಲೂ ಅತ್ತಿಗೆ ಅದನ್ನು ನೋಡಿದಳು. ಸೆರಗಿನಡಿ ಅವಳ ಭುಜ ಒಮ್ಮೆ ಅಲುಗಿತು.

ಸಾಗರದ ಆಸ್ಪತ್ರೆಯಲ್ಲಿ ಆಗ ಮೈಸೂರು ಕಡೆಯ ಒಬ್ಬ ಡಾಕ್ಟರಿದ್ದರು. ಮದುವೆಯಾಗದ ಮನುಷ್ಯ, ಒಂದು ಟ್ರಂಕಿನ ತುಂಬ ಪುಸ್ತಕ. ಅವರು ಅತ್ತಿಗೆಯ ಬಾಯಿ ನೋಡಿದರು, ಬೆನ್ನು ನೋಡಿದರು. ಗುಳ್ಳೆಯಿಲ್ಲದ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದಾಗ ಅಲ್ಲೂ ಚರ್ಮ ಸರಿಯಿತು. ಆಮೇಲೆ ಹೊರಗೆ ಬಂದು ನಮ್ಮ ಎದುರಿನ ಬೆಂಚಿನ ಮೇಲೆ ಕೂತರು. ಡಾಕ್ಟರು ನಮ್ಮ ಎದುರು ಹಾಗೆ ಕೂತದ್ದು ಕಂಡೇ ಅಣ್ಣನಿಗೆ ಹೆದರಿಕೆಯಾಯಿತು.

"ಇದು ಸಿಡುಬಲ್ಲ, ಕುಷ್ಠ ಅಲ್ಲ, ಯಾರಿಗೂ ಅಂಟಲ್ಲ. ಪೆಂಫಿಗಸ್ ಅಂತ ಹೆಸರು" ಎಂದರು.

"ನಾಗಪ್ಪನ ಸಿಟ್ಟು ಅಲ್ವಾ ಹಂಗಾದ್ರೆ?" ಅವ್ವ ಕೇಳಿದಳು.

"ನಾಗಪ್ಪ ಏನೂ ಮಾಡಿಲ್ಲ ಅಮ್ಮ. ಎಲ್ಲರ ರಕ್ತದಲ್ಲೂ ಕಾವಲಿನ ಅಂಶ ಇರುತ್ತೆ. ಹೊರಗಿಂದ ಬರೋ ರೋಗಾನ ಹಿಡಿದು ಹೊಡೆಯೋದು ಅದರ ಕೆಲಸ. ಇವರಲ್ಲಿ ಅದು ಇವರದೇ ಚರ್ಮಾನ ಹೊಡೀತಾ ಇದೆ. ಈಚೆಗಷ್ಟೇ ಹೊರದೇಶದಲ್ಲಿ ಇಂಥವರ ರಕ್ತದಲ್ಲಿ ಅದನ್ನ ಕಂಡಿದ್ದಾರೆ. ನಾನೂ ಓದಿದ್ದು ಅಷ್ಟೇ. ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ ಅಂದ್ಕೊಳಿ."

ಅವ್ವ ಮಗುವನ್ನು ಕಂಕುಳಿಗೆ ಎತ್ತಿಕೊಂಡಳು. "ನಾಯಿ ಮನೆಯೋರ್ನ ಕಚ್ಚೋದು ಗುರ್ತು ತಪ್ಪಿದಾಗ ಡಾಕ್ಟ್ರೇ. ನಾವೂ ಹಳೇ ಊರಿಂದ ನಾಯಿ ತಂದಿದ್ವಿ. ಇಲ್ಲಿಗೆ ಬಂದ್ಮೇಲೆ ಅದಕ್ಕೆ ಯಾರು ನಮ್ಮೋರು ಯಾರು ಹೊರಗಿನೋರು ಅಂತ ತಿಳೀಲೇ ಇಲ್ಲ."

ಡಾಕ್ಟರು ನಗಲಿಲ್ಲ. "ಯಾಕೆ ಗುರುತು ತಪ್ಪುತ್ತೆ ಅಂತ ನಮಗೂ ಗೊತ್ತಿಲ್ಲಮ್ಮ" ಎಂದರು.

ಮದ್ದು ಇದೆ, ದುಬಾರಿ, ಶಿವಮೊಗ್ಗದಿಂದ ತರಿಸಬೇಕು ಎಂದರು. ಬಿಳಿಯ ಸಣ್ಣ ಮಾತ್ರೆ. ಅದು ಆ ಕಾವಲಿನ ಅಂಶವನ್ನು ತಣ್ಣಗಾಗಿಸುತ್ತದಂತೆ. ಬಹಳ ದಿನ ಕೊಡಬೇಕು. ಚರ್ಮ ಮಾಯ್ದ ಮೇಲೂ ಕೊಡಬೇಕು, ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. "ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೆ ಅಪಾಯ" ಎಂದು ಅಣ್ಣನಿಗೂ ನನಗೂ ಹೇಳಿದರು, ಅವ್ವನ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಅವ್ವ ತಲೆಯಾಡಿಸಿದಳು. ಉಪ್ಪು ಕಡಿಮೆ ಮಾಡಿ ಎಂದಾಗ ಮಾತ್ರ ಅವಳ ಮುಖ ಅರಳಿತು. ಪಥ್ಯವಿಲ್ಲದ ಮದ್ದನ್ನು ಅವಳು ಎಂದೂ ಮದ್ದೆಂದು ಒಪ್ಪಿದವಳಲ್ಲ.

ಹಾಸಿಗೆ ಬಟ್ಟೆ ಗಾಯಕ್ಕೆ ಅಂಟುತ್ತಿತ್ತು. ಎಳೆಯ ಬಾಳೆಲೆಗೆ ಕೊಬ್ಬರಿ ಎಣ್ಣೆ ಸವರಿ ಅದರ ಮೇಲೆ ಮಲಗಿಸಿ ಎಂದು ಡಾಕ್ಟರು ಹೇಳಿಕೊಟ್ಟರು. ಕೆಲವು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ನಮ್ಮ ಬೋಳುಗುಡ್ಡದಲ್ಲಿ ಬಾಳೆ ಎಲ್ಲಿಯದು? ಮೊದಲ ದಿನ ಖಾದರ್ ಸಾಬರು ಹೊಸನಗರದ ಈಚೆ ಒಂದು ಮನೆಯ ಮುಂದೆ ಬಸ್ಸು ನಿಲ್ಲಿಸಿ, "ತಾಯೀ, ಒಂದು ಹೆಣ್ಮಗಳು ಮಲಗಕ್ಕೆ ಎಲೆ ಬೇಕಿತ್ತು" ಎಂದು ಕೂಗಿದರು. ಊಟಕ್ಕೆ ಎಲೆ ಕೇಳುವವರನ್ನು ಕಂಡಿದ್ದ ಆ ಮನೆಯಾಕೆ ಮಲಗಲು ಎಲೆ ಯಾಕೆಂದು ಹೊರಗೆ ಬಂದಳು. ಕಾರಣ ಕೇಳಿ ಹಿತ್ತಲಿಗೆ ಹೋಗಿ ಎಲೆ ಕೊಯ್ದುಕೊಟ್ಟಳು. ಮರುದಿನದಿಂದ ಕಟ್ಟು ರಸ್ತೆಯ ಪಕ್ಕದಲ್ಲೇ ಇರುತ್ತಿತ್ತು. ಸುದ್ದಿ ಬಸ್ಸಿಗಿಂತ ಮುಂದೆ ಓಡಿತು. ಮೇಗರವಳ್ಳಿಯಿಂದ ಅತ್ತಿಗೆಯ ತಮ್ಮ ತೀರ್ಥಹಳ್ಳಿಗೆ ಎಲೆ ತಂದು ಕೊಡುತ್ತಿದ್ದ. ಒಂದು ದಿನ ಹೆಗಡೆಯವರೇ ಎರಡು ಕಟ್ಟು ಎಲೆ ಹೊತ್ತು ಬಸ್ಸು ಹತ್ತಿದರು. ಕೊಡೆ ಕಂಕುಳಲ್ಲಿತ್ತು. "ಅವತ್ತು ನಂಗೆ ತಿಳೀಲಿಲ್ಲ ಮಾರಾಯ" ಎಂದಷ್ಟೇ ಹೇಳಿದರು. ಆ ಚಳಿಗಾಲವೆಲ್ಲ ನಮ್ಮ ಬಸ್ಸು ಸಂತೆಗೆ ಹೋಗುವ ಗಾಡಿಯ ಹಾಗೆ ಹಸಿ ಎಲೆ ನಾರುತ್ತಿತ್ತು. ತಿರುವಿನಲ್ಲಿ ಅವ್ವ ಕಾದು ನಿಂತಿರುವಳು. ನಾನು ಕಟ್ಟು ಕೆಳಗಿಡುವೆ. "ಹೆಂಗಿದಾಳೆ?" "ಬೆನ್ನು ಒಣಗ್ತಾ ಐತೆ." ಅಷ್ಟರಲ್ಲಿ ಖಾದರ್ ಸಾಬರು ಹಾರ್ನ್ ಒತ್ತುವರು.

ಮಾತ್ರೆ ಕೆಲಸ ಮಾಡಿತು. ಹೊಸ ಗುಳ್ಳೆ ಏಳುವುದು ನಿಂತಿತು, ಹಳೆಯವು ಕಪ್ಪಗೆ ಕಲೆಯಾಗಿ ಮಾಯ್ದವು. ಮಾಘದ ಕೊನೆಗೆ ಅತ್ತಿಗೆ ಎದ್ದು ಒಲೆಯ ಮುಂದೆ ಕೂತಳು. ಶಾರದೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಆ ದಿನ ನಾನು ರಜೆಯ ಮೇಲೆ ಮನೆಯಲ್ಲಿದ್ದೆ. ಮಗುವಿಗೆ ತಾಯಿಯ ತೊಡೆ ಮರೆತೇ ಹೋಗಿತ್ತು; ಇಳಿದು ಅವ್ವನ ಹತ್ತಿರ ಓಡಿತು. ಅತ್ತಿಗೆ ಅದನ್ನು ಕರೆಯಲಿಲ್ಲ. ಬೆಲ್ಲದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಶಾರದೆ ತಾನಾಗಿ ಬಂದು ಬೆಲ್ಲ ತಿಂದು, ಅಲ್ಲೇ ಒರಗಿ ನಿದ್ದೆ ಹೋದಳು. ಅತ್ತಿಗೆ ಕಾಲು ಜೋಮು ಹಿಡಿದರೂ ಅಲುಗಲಿಲ್ಲ. ಸಂಜೆಯವರೆಗೆ ಅಡುಗೆ ನಾನೂ ಅವ್ವನೂ ಮಾಡಿದೆವು.

ಆದರೆ ಮಾತ್ರೆಗೆ ಅದರದೇ ಗುಣಗಳಿದ್ದವು. ಅತ್ತಿಗೆಯ ಉದ್ದ ಮುಖ ಊದಿ ದುಂಡಗಾಯಿತು, ಗಲ್ಲದ ಮಚ್ಚೆ ಕೆನ್ನೆಯ ಮಡಿಕೆಯಲ್ಲಿ ಅಡಗಿತು. ಹಸಿವು ಹೆಚ್ಚಿತು, ನಿದ್ದೆ ಹೋಯಿತು. "ಕನ್ನಡಿಲಿ ಯಾರೋ ಸಾವ್ಕಾರ್ತಿ ಕಾಣ್ತಾಳೆ ಮಂಜಪ್ಪ. ಒಡವೆ ಮಾತ್ರ ಹಾಕ್ಕೊಂಡಿಲ್ಲ" ಎಂದು ನಕ್ಕಳು. ನಕ್ಕ ಮೇಲೆ ಮೆಲ್ಲಗೆ, "ಈ ಮುಖ ನಂದಲ್ಲ. ಮಗಿಗೂ ಗುರ್ತು ಸಿಗ್ತಿಲ್ಲ" ಎಂದಳು. ಮಾತ್ರೆ ಇಳಿಸುತ್ತ ಹೋದ ಹಾಗೆ ಅದೂ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ತಲೆಯಾಡಿಸಿದಳು.

ಫಾಲ್ಗುಣದಲ್ಲಿ ಬಿಸಿಲು ಬಲಿಯಿತು. ಅಣ್ಣ ಆಗುಂಬೆ ಕಡೆಯ ಕಾಡಿನಲ್ಲಿ ಮರ ಕಡಿಯುವ ಕೂಪಿಗೆ ಕೆಲಸಕ್ಕೆ ಹೋದ. ನಮ್ಮ ಬಸ್ಸಿನ ಗೇರ್ ಪೆಟ್ಟಿಗೆ ಮುರಿದು, ಖಾದರ್ ಸಾಬರೂ ನಾನೂ ಅದನ್ನು ಶಿವಮೊಗ್ಗದ ಗ್ಯಾರೇಜಿಗೆ ಒಯ್ದು, ಸಾಮಾನು ಬರುವ ತನಕ ಅಲ್ಲೇ ಕೂತೆವು. ಮನೆಯಲ್ಲಿ ಇದ್ದವರು ಅವ್ವ, ಅತ್ತಿಗೆ, ಮಗು. ಮಾತ್ರೆ ಸಾಕಷ್ಟಿತ್ತು, ಹೋಗುವ ಮೊದಲು ನಾನೇ ತಂದುಕೊಟ್ಟಿದ್ದೆ.

ನಮ್ಮಲ್ಲಿ ಒಂದು ಪದ್ಧತಿ. ಮದ್ದು ತಿಂದು ಗುಣವಾದವರಿಗೆ ಒಳ್ಳೆಯ ವಾರ ನೋಡಿ ನೀರು ಹಾಕುತ್ತಾರೆ. ಮದ್ದಿನ ನೀರು ಎನ್ನುತ್ತಾರೆ. ಕಹಿಸೊಪ್ಪು ಹಾಕಿ ಕಾಯಿಸಿದ ನೀರು. ಅದನ್ನು ಹುಯ್ದುಕೊಂಡ ಮೇಲೆ ಪಥ್ಯ ಮುಗಿಯಿತು, ಉಪ್ಪು ಹುಳಿ ಖಾರದ ಊಟ. ಮಿಕ್ಕ ಮದ್ದನ್ನು ಹರಿಯುವ ನೀರಿಗೆ ಬಿಡಬೇಕು. ಗುಣವಾದ ಮನೆಯಲ್ಲಿ ಮದ್ದು ಇಟ್ಟುಕೊಂಡರೆ ರೋಗಕ್ಕೆ ಮಣೆ ಹಾಕಿ ಕೂರಿಸಿದ ಹಾಗೆ ಎಂದು ಅವ್ವ ಹೇಳುತ್ತಿದ್ದಳು. ನಮ್ಮ ಕಷಾಯ, ಬೇರು, ಭಸ್ಮಗಳ ಮಟ್ಟಿಗೆ ಅದರಿಂದ ಯಾರಿಗೂ ಏನೂ ಕೆಟ್ಟದ್ದಾಗಿರಲಿಲ್ಲ. ನಾನು ಚಿಕ್ಕವನಿದ್ದಾಗ ನನಗೂ ಹಾಕಿದ್ದಳು.

ಬಸ್ಸು ರಿಪೇರಿಯಾಗಿ ಮೊದಲ ಸಲ ಸಾಗರದ ಕಡೆ ಹೊರಟ ದಿನ ಅವ್ವ ತಿರುವಿನಲ್ಲಿ ನಿಂತಿದ್ದಳು. ಕೈಯಲ್ಲಿ ಕಡುಬಿನ ಗಂಟು. ಅವಳ ಮುಖದಲ್ಲಿ ಆ ನಗುವನ್ನು ಹಳೆಯ ಊರು ಬಿಟ್ಟ ಮೇಲೆ ನಾನು ನೋಡಿರಲಿಲ್ಲ.

"ಗೌರಿಗೆ ಮದ್ದಿನ ನೀರು ಹಾಕಿದ್ವಿ ಕಣಾ" ಎಂದಳು. "ಮೈಯೆಲ್ಲ ಒಂದು ಗುಳ್ಳೆ ಇಲ್ಲ. ನೀವಿಬ್ರೂ ಬರೋದ್ರೊಳಗೆ ಮುಗ್ಸಿ, ಬಂದಾಗ ಖುಷಿ ಪಡ್ಸಾಣ ಅಂತ ಅವಳೂ ಅಂದ್ಳು. ಖಾದರಣ್ಣಾ, ತಗಳಿ, ನಿಮ್ಗೂ ಐತೆ."

ಬಸ್ಸಿನಲ್ಲಿ ಎಲೆ ತಂದುಕೊಟ್ಟವರೂ ಇದ್ದರು. "ಒಳ್ಳೇದಾತು ಬಿಡಿ ಅಮ್ಮ" ಎಂದು ಯಾರೋ ಹಿಂದಿನಿಂದ ಹೇಳಿದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

"ಮಾತ್ರೆ ಎಲ್ಲವ್ವಾ?"

"ಹಿನ್ನೀರಿಗೆ ಬಿಟ್ಟೆ. ಬ್ಯಾಸ್ಗೆಗೆ ನೀರು ಇಳ್ದೈತಲ್ಲ, ನಮ್ಮ ಬನದ ಮರದ ಮೋಟು ಕಾಣ್ತಾವೆ. ನಾನೇ ನಡ್ಕೊಂಡ್ ಹೋಗಿ, ಅಲ್ಲೇ, ನಾಗಪ್ಪನ ತಲೆ ಮೇಲೇ ಬಿಟ್ಟು, ತಪ್ಪಾತು ಅಂತ ಕೈ ಮುಗ್ದು ಬಂದೆ."

"ಯಾವತ್ತು?"

"ಹೋದ ಸೋಮಾರ."

ಅಂದು ಶನಿವಾರ.

ನಾನು ಗುಡ್ಡ ಹತ್ತಿ ಓಡಿದೆ. ಅತ್ತಿಗೆ ಹೊಸ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. "ಊಟ ಮಾಡಿದ್ದು ದಕ್ತಾ ಇಲ್ಲ ಮಂಜಪ್ಪ, ಎಲ್ಲ ವಾಂತಿ. ತಲೆ ಎತ್ತಾಕೇ ಆಗಲ್ಲ. ಬಿಸಿಲು ಜಾಸ್ತಿ ಅಲ್ವಾ" ಎಂದಳು. ತುಟಿಯ ಒಳಗೆ ಮತ್ತೆ ಹುಣ್ಣು ಕಂಡಿತು. ಕುತ್ತಿಗೆಯ ಹಿಂದೆ ಹೊಸ ಗುಳ್ಳೆಗಳು. ಅವ್ವ ನನ್ನ ಹಿಂದೆಯೇ ಏದುಸಿರು ಬಿಡುತ್ತ ಬಂದಳು. "ಎಂತಾತು? ಎಂತಕ್ಕೆ ಹಂಗೆ ನೋಡ್ತೀಯ?" ಅತ್ತಿಗೆಯನ್ನು ಎತ್ತಿಕೊಂಡು ಇಳಿದೆ.

ಖಾದರ್ ಸಾಬರು ಆ ದಿನ ದಾರಿಯಲ್ಲಿ ಎಲ್ಲೂ ಬಸ್ಸು ನಿಲ್ಲಿಸಲಿಲ್ಲ. ಕೈ ಅಡ್ಡ ಹಾಕಿದವರು ಹಾಗೆಯೇ ಧೂಳಿನಲ್ಲಿ ಉಳಿದರು. ತಮ್ಮ ಊರು ದಾಟಿಹೋದರೂ ಒಳಗಿದ್ದವರು ಯಾರೂ ಇಳಿಸಿ ಎನ್ನಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ಅತ್ತಿಗೆ ಒಮ್ಮೆ ಕಣ್ಣು ತೆರೆದು, "ಅತ್ತೆಗೆ ಬೈಬ್ಯಾಡ. ನಾನೇ ಹಾಕು ಅಂದಿದ್ದು" ಎಂದಳು. ಅವಳಿಗೂ ಅಷ್ಟರಲ್ಲಿ ತಿಳಿದಿತ್ತು.

ಡಾಕ್ಟರು ಇಂಜೆಕ್ಷನ್ ಕೊಟ್ಟರು, ಬಾಟಲಿ ಹಾಕಿದರು. ಒಂದು ದಿನ ಚೇತರಿಸಿದ ಹಾಗೆ ಕಂಡಳು. ಶಾರದೆಯನ್ನು ಕೇಳಿದಳು, ಕರೆತಂದೆವು; ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. ಆಮೇಲೆ ಗುಳ್ಳೆಗಳು ಮೊದಲಿಗಿಂತ ರಭಸದಿಂದ ಎದ್ದವು, ಕೀವಾಯಿತು, ಜ್ವರ ಏರಿತು. ಅಣ್ಣ ಕೂಪಿನಿಂದ ಬಂದ ಮರುದಿನ ಬೆಳಿಗ್ಗೆ ಹೋದಳು. ಎಳೆಯ ಬಾಳೆಲೆಯ ಮೇಲೆಯೇ ಹೋದಳು.

ಡಾಕ್ಟರು ಅಣ್ಣನನ್ನೂ ನನ್ನನ್ನೂ ಹೊರಗೆ ಕರೆದರು. ಅವರ ಕಣ್ಣು ಕೆಂಪಾಗಿತ್ತು. "ಆ ಮಾತ್ರೆ ಕೊಡ್ತಾ ಇದ್ದಾಗ, ಮೈ ತಾನು ಮಾಡ್ಬೇಕಾದ ಒಂದು ಅಂಶಾನ ಮಾಡೋದು ಬಿಟ್ಟುಬಿಡುತ್ತೆ. ಮೆಲ್ಲಗೆ ಇಳಿಸಿದ್ರೆ ಮತ್ತೆ ಕಲಿಯುತ್ತೆ. ಒಂದೇ ಸಲ ನಿಂತುಹೋದ್ರೆ ಅದೂ ಇಲ್ಲ, ಇದೂ ಇಲ್ಲ. ಮೇಲಿಂದ ರೋಗ ಬೇರೆ ತಿರುಗಿ ಬಿತ್ತು. ಮನೇಲಿ ಯಾಕೆ ನಿಲ್ಲಿಸಿದ್ರು?"

ಆಸ್ಪತ್ರೆಯ ಅಂಗಳದ ಆಚೆ ಮರದ ಬುಡದಲ್ಲಿ ಅವ್ವ ಶಾರದೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಣ್ಣ ಅವಳನ್ನೇ ನೋಡುತ್ತಿದ್ದ. ನನಗೆ ಆ ಹೊತ್ತು ಅವ್ವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಹೋಗಿ ಎರಡು ಮಾತು ಕೂಗಿ ಹೇಳಬೇಕೆನ್ನಿಸಿತ್ತು. ಅಣ್ಣ ನನ್ನ ರಟ್ಟೆ ಹಿಡಿದ.

"ಅವ್ವಂಗೆ ಹೇಳ್ಬ್ಯಾಡ."

"ಅಣ್ಣಾ..."

"ಹೋದೋಳು ಹೋದ್ಳು. ಮಗೀನ ಯಾರು ಸಾಕ್ತಾರೆ ಹೇಳು? ಅವ್ವ ಬದುಕಿರ್ಬೇಕು ಮಂಜಾ. ಇದು ತಿಳಿದ್ರೆ ಬದುಕಲ್ಲ."

ಹೋದದ್ದು ಅವನ ಹೆಂಡತಿ, ಅವನ ಮಾತೇ ನಡೆಯಲಿ ಎಂದುಕೊಂಡೆ. ಅವ್ವ ಕೇಳಿದಾಗ ನಾನೇ ಹೇಳಿದೆ: "ರೋಗ ತಿರುಗಿ ಬಂತಂತೆ ಅವ್ವ. ರಕ್ತದಲ್ಲೇ ಇತ್ತಂತೆ. ಯಾರೂ ಎಂತ ಮಾಡಾಕೂ ಆಗ್ತಿರ್ಲಿಲ್ಲಂತೆ." ಅವ್ವ ತಲೆಯಾಡಿಸಿದಳು, ಆವತ್ತು ಡಾಕ್ಟರ ಮುಂದೆ ಆಡಿಸಿದ ಹಾಗೆಯೇ. ಊರವರು ನಾಗಪ್ಪ ಬಿಡಲಿಲ್ಲ ಎಂದರು. ಅಣ್ಣ ಅದಕ್ಕೂ ಎದುರಾಡಲಿಲ್ಲ. ಜನ ಹಾಗೆಯೇ ತಿಳಿದುಕೊಂಡಿರಲಿ ಎಂದು ಅವನಿಗಿತ್ತು ಎಂದು ಕಾಣುತ್ತದೆ.

ವೈಶಾಖ ಕಳೆದು ಮೊದಲ ಮಳೆ ಗುಡ್ಡದ ಕೆಮ್ಮಣ್ಣನ್ನು ಹೊತ್ತು ರಸ್ತೆಗಿಳಿಯಿತು. ಆ ಸಲ ಅವ್ವನಿಗೆ ಚಳಿಜ್ವರ ಬಂತು. ಹೊಸನಗರದ ಕಂಪೌಂಡರ ಹತ್ತಿರ ಮಾತ್ರೆ ತಂದುಕೊಟ್ಟೆವು. ಕೆಲವು ದಿನ ನಡುಗಿ, ಬೆವರಿ, ಒಂದು ಬೆಳಿಗ್ಗೆ ಅವ್ವ ಎದ್ದು ಗಂಜಿ ಕೇಳಿದಳು. ಮಳೆಗೆ ರಸ್ತೆ ಕುಸಿದು ಬಸ್ಸು ನಿಂತಿದ್ದರಿಂದ ನಾನೂ ಮನೆಯಲ್ಲಿದ್ದೆ. ಪಕ್ಕದ ಮನೆಯ ಹುಚ್ಚಮ್ಮ ಸುದ್ದಿ ತಿಳಿದು ಕಹಿಸೊಪ್ಪು ಕೊಯ್ದುಕೊಂಡು ಬಂದಳು.

"ಒಲೆ ಹಚ್ಚು ಕನ್ನಪ್ಪ, ನೀರು ಕಾಯಿಸಾಣ. ನಾಳೆ ಮತ್ತೆ ಮಳೆ ಹಿಡಿದ್ರೆ ನೀರು ಹಾಕಾಕಾಗಲ್ಲ."

ಅಣ್ಣ ಕಟ್ಟಿಗೆಗೆ ಕೈ ಹಾಕಿದವನು ಹಾಗೆಯೇ ನಿಂತ.

"ಬ್ಯಾಡ ಹುಚ್ಚೀ" ಎಂದಳು ಅವ್ವ. "ಮಾತ್ರೆ ಇನ್ನೂ ಮಿಕ್ಕೈತೆ."

"ಜ್ವರ ಬಿಡ್ತಲ್ಲೇ. ಇನ್ನೆಂತಕ್ಕೆ ಮಾತ್ರೆ? ಅದನ್ನ ಹಳ್ಳಕ್ಕೆ ಬಿಟ್ರಾತು."

"ಮುಗಿಯೋ ತನಕ ನುಂಗ್ತೀನಿ."

ಹುಚ್ಚಮ್ಮ ಸೊಪ್ಪನ್ನು ಜಗುಲಿಯ ಮೇಲೆ ಹಾಕಿ, ನಿಮ್ಮಿಷ್ಟ ಎಂದು ಗೊಣಗುತ್ತ ಹೋದಳು. ಅಣ್ಣ ನನ್ನ ಮುಖ ನೋಡಿದ, ನೀನು ಹೇಳಿದೆಯಾ ಎಂಬಂತೆ. ನಾನೂ ಅವನ ಮುಖವನ್ನು ಹಾಗೆಯೇ ನೋಡಿದೆ. ಇಬ್ಬರೂ ಹೇಳಿರಲಿಲ್ಲ. ಅವ್ವ ಪೊಟ್ಟಣ ಬಿಚ್ಚಿ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಉಳಿದುದನ್ನು ಸೆರಗಿನ ಚುಂಗಿಗೆ ಕಟ್ಟಿ, ಗಂಟನ್ನು ಎರಡು ಸಲ ಬಿಗಿದಳು. ಆಮೇಲೆ ಶಾರದೆಯನ್ನು ಕಾಲುಗಳ ನಡುವೆ ಕೂರಿಸಿಕೊಂಡು, ನಮ್ಮಿಬ್ಬರ ಕಡೆ ನೋಡದೆ, ಅವಳ ತಲೆ ಬಾಚತೊಡಗಿದಳು.